ದೋಟಿಗೆ ಲಕ್ಷ ಸುರಿದರೂ ತುದಿ ಸರಿ ಇಲ್ಲದಿದ್ದರೆ ಮದ್ದೆಲ್ಲ ಮಣ್ಣಿಗೆ!

ಅರಂತೋಡು: ಮಳೆ ಹಿಡಿಯಿತೆಂದರೆ ಪಯಸ್ವಿನಿ ಬದಿಯ ತೋಟಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: "ಮದ್ದು ಬಿಟ್ಟಾಯಿತಾ ಮಾರಾಯ್ರೇ?" ಆಯಿತು ಎಂದವನ ಮುಖದಲ್ಲಿ ಸಮಾಧಾನ, ಆಗಲಿಲ್ಲ ಎಂದವನ ಎದೆಯಲ್ಲಿ ಢವಢವ. ಆದರೆ ಮದ್ದು ಬಿಟ್ಟೂ ಕೊಳೆರೋಗ ಬಂದವನ ಪಾಡು ಯಾರಿಗೆ ಬೇಕು? ತುತ್ತು ತಂದದ್ದು ಉಂಟು, ಸುಣ್ಣ ಬೇಯಿಸಿದ್ದು ಉಂಟು, ಕೂಲಿ ಎಣಿಸಿ ಕೊಟ್ಟದ್ದೂ ಉಂಟು. ಆದರೂ ಆಗಸ್ಟ್ ಬರುವಾಗ ಬುಡದಲ್ಲಿ ಹಸಿ ಅಡಿಕೆಯ ರಾಶಿ. ತಪ್ಪು ಎಲ್ಲಿ?

ಮದ್ದಿನಲ್ಲಿ ತಪ್ಪು ಹುಡುಕುವವರು ಬಹಳ. ಮಳೆಯನ್ನು ಬೈಯುವವರು ಅದಕ್ಕಿಂತ ಹೆಚ್ಚು. ದೋಟಿಯ ತುದಿಯಲ್ಲಿ ಕೂತ ಬೆರಳುದ್ದದ ನೋಝಲನ್ನು ಬಿಚ್ಚಿ ನೋಡಿದವರು ಮಾತ್ರ ಕಡಿಮೆ. ಹತ್ತಾರು ಸಾವಿರದಿಂದ ಲಕ್ಷದ ಸುಮಾರಿಗೆ ಕೊಟ್ಟು ಕಾರ್ಬನ್ ಫೈಬರ್ ದೋಟಿ ತಂದವನೂ ಅಂಗಡಿಯವ ಸಿಕ್ಕಿಸಿಕೊಟ್ಟ ನೋಝಲನ್ನೇ ಕಣ್ಣುಮುಚ್ಚಿ ಹಿಡಿದು ತೋಟಕ್ಕಿಳಿಯುತ್ತಾನೆ. ಕೆಲವು ನೂರು ರೂಪಾಯಿಯ ಆ ಸಾಮಾನು ವರ್ಷದ ಫಸಲಿನ ಹಣೆಬರಹ ಬರೆಯುತ್ತದೆ ಎಂಬುದು ಅವನಿಗೆ ಗೊತ್ತಾಗುವುದು ಅಡಿಕೆ ಉದುರಿದ ಮೇಲೆ!

ಏರುವವರು ಹೋದರು, ದೋಟಿ ಬಂತು

ಕೊಳೆರೋಗ ನಿನ್ನೆ ಮೊನ್ನೆಯ ಕಾಯಿಲೆ ಅಲ್ಲ. ಬೋರ್ಡೊ ದ್ರಾವಣ ಬರುವ ಮೊದಲು ಗೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುವುದೇ ಮಲೆನಾಡಿನವರಿಗೆ ಗೊತ್ತಿದ್ದ ಉಪಾಯ. ಕೆನಡಾದಿಂದ ಬಂದು ಮೈಸೂರು ಸರಕಾರದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ವರದಿ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ 1880ರ ದಶಕದಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ ಕಂಡುಕೊಂಡಿದ್ದ ತುತ್ತು-ಸುಣ್ಣದ ಮದ್ದು ಹೀಗೆ ಅಡಿಕೆ ಮರದ ತಲೆ ಏರಿತು. ನೂರು ವರ್ಷ ದಾಟಿದರೂ ಅದಕ್ಕೆ ಸರಿಸಮನಾದ ಅಗ್ಗದ ಮದ್ದು ಇನ್ನೊಂದಿಲ್ಲ.

ಮದ್ದು ಅದೇ, ಬಿಡುವ ಕ್ರಮ ಮಾತ್ರ ಬದಲಾಯಿತು. ಒಂದು ಕಾಲದಲ್ಲಿ ಕೆಳಗೆ ಒಬ್ಬ ಗಟಾರ್ ಪಂಪು ದೂಡುವುದು, ಮೇಲೆ ಒಬ್ಬ ಕಾಲಿಗೆ ತಳೆ ಹಾಕಿ ಮರ ಏರುವುದು, ಅಲ್ಲಿಂದ ಪಕ್ಕದ ಮರಕ್ಕೆ ದಾಟುವುದು. ಏರಿದವನ ಕಣ್ಣೆದುರೇ ಗೊನೆ ಇರುತ್ತಿತ್ತು. ಎಲ್ಲಿ ನೆನೆಯಿತು, ಎಲ್ಲಿ ನೆನೆಯಲಿಲ್ಲ ಎಂದು ಅವನಿಗೆ ಕಾಣುತ್ತಿತ್ತು. ಕೈಯಲ್ಲಿದ್ದ ಗನ್ನು ಒಡ್ಡೊಡ್ಡಾಗಿದ್ದರೂ ಕಣ್ಣು ಚುರುಕಾಗಿತ್ತು.

ಈಗ ಏರುವವರ ಮಕ್ಕಳು ಗಲ್ಫಿಗೋ ಬೆಂಗಳೂರಿಗೋ ಹೋದರು. ಹೋದದ್ದು ತಪ್ಪೂ ಅಲ್ಲ. ಜಾರುವ ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ನೋಡಿ ಬೆಳೆದ ಮಕ್ಕಳು ಅವರು. 2020ರ ಆಸುಪಾಸಿನಿಂದ ಈಚೆಗೆ ಕಾರ್ಬನ್ ಫೈಬರ್ ದೋಟಿ ತೋಟ ತೋಟಕ್ಕೂ ಬಂತು. ವಿಟ್ಲದ ಸಿಪಿಸಿಆರ್‌ಐಯಲ್ಲಿ ತರಬೇತಿ ಶಿಬಿರ ನಡೆದವು, ಕ್ಯಾಂಪ್ಕೋದಂಥ ಸಂಸ್ಥೆಗಳು ಮುಂದೆ ನಿಂತವು, ಸಹಕಾರಿ ಸಂಘಗಳಿಂದ ಸಾಲವೂ ಸಿಕ್ಕಿತು. ನೆಲದಲ್ಲಿ ನಿಂತು ಅರುವತ್ತಡಿ ಮೇಲಿನ ಗೊನೆಗೆ ಮದ್ದು ಬಿಡುವ ಕಾಲ ಬಂತು. ಆದರೆ ಗೊನೆಯ ಹತ್ತಿರ ಇದ್ದ ಕಣ್ಣು ಕೆಳಗಿಳಿಯಿತು. ಮೇಲೆ ಉಳಿದದ್ದು ನೋಝಲ್ ಒಂದೇ. ಕಣ್ಣಿನ ಕೆಲಸವನ್ನೂ ಈಗ ಅದೇ ಮಾಡಬೇಕು.

ಮೂತಿ ನಾಲ್ಕು, ಕೆಲಸ ಬೇರೆ ಬೇರೆ

ಸುಳ್ಯದ ಅಂಗಡಿಗಳಲ್ಲಿ ಕೇಳಿದರೆ ನೋಝಲುಗಳ ರಾಶಿಯನ್ನೇ ಮೇಜಿನ ಮೇಲೆ ಸುರಿಯುತ್ತಾರೆ. ಹಿತ್ತಾಳೆಯದ್ದು, ಪ್ಲಾಸ್ಟಿಕಿನದ್ದು, ಒಂದು ಬಾಯಿಯದ್ದು, ಮೂರು ಬಾಯಿಯದ್ದು. "ಯಾವುದಾದರೂ ಆಗ್ತದೆ, ತಕೊಳ್ಳಿ" ಎಂದರೆ ನಂಬಬೇಡಿ. ಜಾತಿ ಮುಖ್ಯವಾಗಿ ನಾಲ್ಕು.

ಮೊದಲನೆಯದು ಜೆಟ್ ಗನ್. ತಿರುಪು ತಿರುಗಿಸಿದರೆ ಉದ್ದ ಧಾರೆ, ಹಿಂದಕ್ಕೆ ತಿರುಗಿಸಿದರೆ ಹರಡು ಮಳೆ. ನೆಲದಿಂದಲೇ ಮೇಲಕ್ಕೆ ಹೊಡೆಯಲು ಹುಟ್ಟಿದ ಸಾಮಾನು ಇದು. ಎತ್ತರಕ್ಕೆ ಹೋಗಬೇಕಾದರೆ ಹನಿ ದಪ್ಪವಾಗಿರಬೇಕು. ದಪ್ಪ ಹನಿ ಅಡಿಕೆಯ ನುಣುಪಿನ ಮೇಲೆ ನಿಲ್ಲದೆ ಉರುಳಿ ಕೆಳಗೆ ಬೀಳುತ್ತದೆ. ಗಿಡ್ಡ ಮರಕ್ಕೆ ಅಡ್ಡಿಯಿಲ್ಲ. ಉದ್ದ ಮರದ ಕೆಳಗೆ ನಿಂತು ಗನ್ನು ಹಿಡಿದವನ ತಲೆ, ಅಂಗಿ, ಕಳೆಗಿಡ ಎಲ್ಲವೂ ನೀಲಿ. ಗೊನೆ ಮಾತ್ರ ಒಣಒಣ!

ಎರಡನೆಯದು ಟೊಳ್ಳು ಶಂಕುವಿನ ನೋಝಲ್. ಅಂಗಡಿಯಲ್ಲಿ ಹಾಲೋ ಕೋನ್ ಎನ್ನಿ. ಒಳಗೆ ಒಂದು ಸುಳಿಬಿಲ್ಲೆ ಇರುತ್ತದೆ. ದ್ರಾವಣ ಅದರಲ್ಲಿ ಗಿರ್ರನೆ ಸುತ್ತಿ ಹೊರಬರುವಾಗ ಬಳೆಯಂತೆ ಅರಳುತ್ತದೆ. ಹನಿ ಸಣ್ಣದು, ಸುತ್ತುತ್ತಾ ಹೋಗುವುದರಿಂದ ಅಡಿಕೆಗಳ ಸಂದಿಗೂ ನುಗ್ಗುತ್ತದೆ. ಗೊನೆಗೆ ಮದ್ದು ಬಿಡುವ ದೋಟಿಗೆ ಇದೇ ತಕ್ಕ ಮೂತಿ.

ಮೂರನೆಯದು ತುಂಬು ಶಂಕು. ಬಳೆಯ ನಡುವೆಯೂ ಹನಿ ತುಂಬಿರುತ್ತದೆ, ಹನಿ ಸ್ವಲ್ಪ ದಪ್ಪ. ಗಾಳಿ ಬೀಸುವ ಗುಡ್ಡದ ಬದಿಯ ತೋಟದಲ್ಲಿ ಸಣ್ಣ ಹನಿ ಹಾರಿಹೋಗುವಾಗ ಇದು ಕೈಹಿಡಿಯುತ್ತದೆ. ಆದರೆ ಮದ್ದು ಹೆಚ್ಚು ಕುಡಿಯುತ್ತದೆ.

ನಾಲ್ಕನೆಯದು ಬೀಸಣಿಗೆ ನೋಝಲ್. ಪೊರಕೆಯಂತೆ ಚಪ್ಪಟೆಯಾಗಿ ಬೀಳುವ ಇದು ನೆಲದ ಕಳೆಗೆ ಮದ್ದು ಹೊಡೆಯಲು ಸರಿ. ಗೊನೆಗೆ ಹಿಡಿದರೆ ಎದುರಿನ ಬದಿ ನೆನೆಯುತ್ತದೆ, ಹಿಂಬದಿಗೆ ರಜೆ.

ಯಂತ್ರ ಒಂದೇ, ಮೂತಿ ಬೇರೆ ಎಂಬ ಈ ಲೆಕ್ಕ ಅಡಿಕೆಗೆ ಮಾತ್ರ ಅಲ್ಲ. ಪೇಟೆಯ ಹೋಟೆಲುಗಳಲ್ಲಿ ರತ್ನಗಂಬಳಿ ತೊಳೆಯುವವರೂ ಮೆಟ್ಟಿಲಿಗೊಂದು, ಹಾಲಿಗೊಂದು, ಸೋಫಾಕ್ಕೊಂದು ಮೂತಿ ಇಟ್ಟುಕೊಂಡಿರುತ್ತಾರೆ. ಕಂಬಳಿ ತೊಳೆಯುವವನಿಗೆ ಇರುವ ಜಾಗ್ರತೆ ವರ್ಷದ ಅನ್ನ ಕಾಯುವ ಕೃಷಿಕನಿಗೆ ಬೇಡವೇ?

ಎರಡು ನೋಝಲ್ ಇಟ್ಟರೆ ಎರಡು ಪಟ್ಟು ಲಾಭವೇ?

"ಒಂದರ ಬದಲು ಎರಡು ಇಡಿ, ಕೆಲಸ ಬೇಗ ಮುಗೀತದೆ" ಎಂಬ ಸಲಹೆ ಈಗ ಎಲ್ಲೆಡೆ. ಇದರ ಲೆಕ್ಕವನ್ನು ಸ್ವಲ್ಪ ನೋಡುವುದು ಒಳ್ಳೆಯದು.

ಪಂಪಿನ ಬಲ ಎತ್ತರಕ್ಕೆ ಹೋಗಿ ಮುಗಿಯುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಸರಿಯಲ್ಲ. ನೀರು ಹತ್ತು ಮೀಟರ್ ಏರಲು ಬೇಕಾಗುವುದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ. ಅರುವತ್ತಡಿ ದೋಟಿಗೆ ಎರಡು ಕಿಲೋಗಿಂತ ಕಡಿಮೆಯೇ ಸಾಕು. ಇಪ್ಪತ್ತು ಕಿಲೋ ಒತ್ತಡ ಕೊಡುವ ಎಚ್‌ಟಿಪಿ ಪಂಪಿಗೆ ಅದೊಂದು ಲೆಕ್ಕವೇ ಅಲ್ಲ. ಒತ್ತಡ ನುಂಗುವ ಕಳ್ಳ ಬೇರೆ. ಅದು ಉದ್ದದ ಹೋಸ್ ಪೈಪು. ನೂರು ಮೀಟರ್ ಪೈಪಿನಲ್ಲಿ ಹರಿವು ಎರಡರಷ್ಟು ಮಾಡಿದರೆ ತಿಕ್ಕಾಟದ ನಷ್ಟ ಹತ್ತಿರ ಹತ್ತಿರ ನಾಲ್ಕರಷ್ಟಾಗುತ್ತದೆ. ಎಂದರೆ ಎರಡು ನೋಝಲ್ ಇಟ್ಟಾಗ ತುದಿಗೆ ಬರುವ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಹನಿ ದಪ್ಪವಾಗುತ್ತದೆ. ಎರಡು ಬಾಯಿ ಸೇರಿ ಒಂದು ಕೆಲಸವನ್ನೂ ಸರಿ ಮಾಡುವುದಿಲ್ಲ.

ಹನಿಯ ಲೆಕ್ಕ ಇನ್ನೂ ಸ್ವಾರಸ್ಯ. ಒಂದು ಹನಿಯ ಅಡ್ಡಗಲ ಅರ್ಧವಾದರೆ ಅದೇ ಮದ್ದಿನಲ್ಲಿ ಎಂಟು ಹನಿ ಸಿಗುತ್ತದೆ. ಎಂಟು ಹನಿ ಎಂದರೆ ಎಂಟು ಕಡೆ ಕಾವಲು. ಬೋರ್ಡೊ ಮದ್ದು ರೋಗ ಬಂದ ಮೇಲೆ ಗುಣ ಮಾಡುವಂಥದ್ದಲ್ಲ, ಬಾರದಂತೆ ತಡೆಯುವಂಥದ್ದು. ತಾಗಿದ ಜಾಗವನ್ನು ಮಾತ್ರ ಕಾಯುತ್ತದೆ, ತಾಗದ ಜಾಗದಲ್ಲಿ ಫೈಟೋಫ್ತೋರಾ ಮೊಳೆಯುತ್ತದೆ. ಹಾಗೆಂದು ಹನಿ ಮಂಜಿನಷ್ಟು ಸಣ್ಣದಾದರೂ ಕಷ್ಟ. ಗಾಳಿಗೆ ಪಕ್ಕದವರ ತೋಟಕ್ಕೆ ಹೋಗುತ್ತದೆ.

ಒಳ್ಳೆಯ ದೊಡ್ಡ ಪಂಪು, ಅಗಲದ ಪೈಪು ಇದ್ದವರಿಗೆ ಎರಡು ನೋಝಲ್ ಆದೀತು. ಸಣ್ಣ ಪಂಪಿನವರಿಗೆ ಒಂದೇ ಒಂದು, ಸರಿಯಾದದ್ದು, ಸಾಕು.

ತುದಿಯ ಭಾರವನ್ನೂ ಮರೆಯುವಂತಿಲ್ಲ. ಅಂಗಡಿಯಲ್ಲಿ ಕೈಗೆತ್ತಿದಾಗ 200 ಗ್ರಾಂ ಏನೂ ಅಲ್ಲ. ಆದರೆ ದೋಟಿಯ ತುದಿ ಹತ್ತಡಿ ವಾಲಿದರೆ ಅದೇ 200 ಗ್ರಾಂ ಹಿಡಿದವನ ಕೈಯಲ್ಲಿ ಕಿಲೋಗಿಂತ ಹೆಚ್ಚಾಗಿ ಎಳೆಯುತ್ತದೆ. ಬೆಳಗ್ಗೆ ಎಂಟಕ್ಕೆ ನಗುನಗುತ್ತಾ ಹಿಡಿದವನ ಭುಜ ಮಧ್ಯಾಹ್ನ ಊಟದ ಹೊತ್ತಿಗೆ ಮಾತಾಡುತ್ತದೆ. ಭುಜ ಸೋತರೆ ಕಡೆಯ ಸಾಲಿನ ಮರಗಳಿಗೆ ಮದ್ದು ಹೆಸರಿಗೆ ಮಾತ್ರ.

ಬಾಗು ಇಲ್ಲದಿದ್ದರೆ ಗೊನೆ ಸಿಗದು

ಅಡಿಕೆ ಗೊನೆ ಇರುವುದು ಸೋಗೆಯ ಕೆಳಗೆ, ಮರಕ್ಕೆ ಅಂಟಿಕೊಂಡು. ನೆಟ್ಟಗಿನ ನೋಝಲ್ ಕೆಳಗಿನಿಂದ ಮೇಲಕ್ಕೆ ಹೊಡೆದರೆ ಗೊನೆಯ ಹೊಟ್ಟೆ ನೆನೆಯುತ್ತದೆ, ಬೆನ್ನು ನೆನೆಯುವುದಿಲ್ಲ. ಮಳೆನೀರು ಬೀಳುವುದು ಬೆನ್ನಿಗೆ! ಹೀಗಾಗಿ ತುದಿಯಲ್ಲಿ ಬಾಗುವ ಕೊರಳು ಬೇಕು. ಗೊನೆಗಿಂತ ಸ್ವಲ್ಪ ಮೇಲೆ ಒಯ್ದು, ಬದಿಯಿಂದ ಕೆಳಮುಖವಾಗಿ ಹೊಡೆದು, ಆಮೇಲೆ ಇನ್ನೊಂದು ಬದಿಗೆ ಹೋಗಿ ಹೊಡೆಯುವುದು ಕ್ರಮ. ಒಂದು ಮರಕ್ಕೆ ಎರಡು ಕಡೆಯಿಂದಾದರೂ ಹಿಡಿಯದಿದ್ದರೆ ಮದ್ದು ಬಿಟ್ಟೆ ಎನ್ನುವಂತಿಲ್ಲ.

ಕೊಳ್ಳುವಾಗ ಕೊರಳು ಗಟ್ಟಿ ನಿಲ್ಲುತ್ತದೋ, ಒತ್ತಡ ಬಂದಾಗ ತಿರುಗಿಬಿಡುತ್ತದೋ ನೋಡಬೇಕು. ತಿರುಪಿನ ಹಲ್ಲು ನಿಮ್ಮ ದೋಟಿಗೆ ಕೂಡುತ್ತದೋ ನೋಡಬೇಕು. ಒಂದು ಕಂಪೆನಿಯ ದೋಟಿಗೆ ಇನ್ನೊಂದು ಕಂಪೆನಿಯ ನೋಝಲ್ ಕೂರದೆ, ಸೈಕಲ್ ಟ್ಯೂಬು ಸುತ್ತಿ ಕಟ್ಟಿದ ಸರ್ಕಸ್ಸು ಮಳೆಗಾಲದ ತೋಟಗಳಲ್ಲಿ ಹೊಸತೇನಲ್ಲ.

ಸುಣ್ಣದ ಕಲ್ಲು, ಸವೆದ ಬಾಯಿ

ಬೋರ್ಡೊ ಮದ್ದಿನ ಲೆಕ್ಕ ಎಲ್ಲರಿಗೂ ಬಾಯಿಪಾಠ: 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ದು ಕದಡುವುದು. ಚೂರಿಯ ಅಲಗು ಅದ್ದಿ ನೋಡಿ, ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ. ಮಾಡಿದ ದಿನವೇ ಮುಗಿಸಬೇಕು, ಮಾರನೆ ದಿನಕ್ಕೆ ಇಡಬಾರದು. ಇಷ್ಟೆಲ್ಲ ಗೊತ್ತಿದ್ದವನೂ ಸೋಸುವಲ್ಲಿ ಉದಾಸೀನ ಮಾಡುತ್ತಾನೆ. ಸುಣ್ಣದ ಸಣ್ಣ ಕಲ್ಲು ಮೇಲೆ ಹೋಗಿ ನೋಝಲಿನ ಬಾಯಿಗೆ ಕೂತಿತೆಂದರೆ ಅರುವತ್ತಡಿ ದೋಟಿಯನ್ನು ಗೊಂಡೆ ಗೊಂಡೆಯಾಗಿ ಇಳಿಸಬೇಕು, ಬಿಚ್ಚಬೇಕು, ತೊಳೆಯಬೇಕು, ಮತ್ತೆ ಏರಿಸಬೇಕು. ಅಷ್ಟರಲ್ಲಿ ಮೋಡ ಕವಿಯಿತು!

ಡ್ರಮ್ಮಿಗೆ ಹೊಯ್ಯುವಾಗ ಬಟ್ಟೆ, ಪಂಪು ಹೀರುವಲ್ಲಿ ಜಾಲರಿ, ನೋಝಲಿನ ಹಿಂದೆ ಇನ್ನೊಂದು ಸಣ್ಣ ಜಾಲರಿ, ಹೀಗೆ ಮೂರು ಕಾವಲು ಇದ್ದರೆ ಈ ಫಜೀತಿ ಇಲ್ಲ. ಬಾಯಿ ಕಟ್ಟಿದರೆ ತಂತಿ ಹಾಕಿ ಕೆದಕಬೇಡಿ, ತೂತು ಅಂಕುಡೊಂಕಾಗುತ್ತದೆ. ಬಾಯಿಟ್ಟು ಊದುವುದಂತೂ ಬೇಡವೇ ಬೇಡ. ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು.

ಕಟ್ಟುವುದಕ್ಕಿಂತ ಮೋಸ ಮಾಡುವುದು ಸವೆತ. ಸುಣ್ಣದ ನೀರು ಒತ್ತಡದಲ್ಲಿ ಹೋಗುವಾಗ ಉಪ್ಪುಕಾಗದದಂತೆ ಉಜ್ಜುತ್ತದೆ. ಹಿತ್ತಾಳೆ ಬೇಗ ಸವೆಯುತ್ತದೆ, ಸ್ಟೀಲು ತಡವಾಗಿ, ಪಿಂಗಾಣಿಯ ಬಿಲ್ಲೆ ಇನ್ನೂ ತಡವಾಗಿ. ಸವೆದ ನೋಝಲ್ ಕೆಟ್ಟಂತೆ ಕಾಣುವುದಿಲ್ಲ. ಮದ್ದು ಜೋರಾಗಿಯೇ ಬರುತ್ತದೆ. ಜೋರಾಗಿ ಬರುವುದೇ ರೋಗ! ಪರೀಕ್ಷೆ ಸುಲಭ. ಹೊಸತು ತಂದ ದಿನ ಒಂದು ನಿಮಿಷ ಬಕೆಟಿಗೆ ಹಿಡಿದು ಅಳೆದು ಗೋಡೆಯಲ್ಲಿ ಬರೆದಿಡಿ. ಮುಂದಿನ ವರ್ಷ ಅದೇ ಪಂಪು, ಅದೇ ಒತ್ತಡದಲ್ಲಿ ಅಳೆಯಿರಿ. ಹತ್ತನೆಯ ಒಂದು ಪಾಲು ಹೆಚ್ಚು ಬಂದರೆ ಬಿಲ್ಲೆ ಬದಲಿಸುವ ಕಾಲ ಬಂತೆಂದೇ ಅರ್ಥ.

ಈ ಅಳತೆಯಿಂದ ಇನ್ನೊಂದು ಲಾಭ ಉಂಟು. ನಿಮಿಷಕ್ಕೆ ಮೂರು ಲೀಟರ್ ಬರುವ ನೋಝಲಿನಲ್ಲಿ ಮರಕ್ಕೆ 20 ಸೆಕೆಂಡ್ ಹಿಡಿದರೆ ಒಂದು ಲೀಟರ್ ಆಯಿತು. ಒಂಬತ್ತಡಿ ಅಂತರದ ತೋಟದಲ್ಲಿ ಎಕ್ರೆಗೆ ಸುಮಾರು 540 ಮರ; ಮದ್ದು 540 ಲೀಟರ್. ತುತ್ತು ಎಷ್ಟು ತರಬೇಕೆಂದು ಮನೆಯಲ್ಲೇ ಕೂತು ಹೇಳಬಹುದು.

ಡ್ರಮ್ಮಿನ ಲೆಕ್ಕವೋ, ಮರದ ಲೆಕ್ಕವೋ?

ದೋಟಿ ತಂದು ಬಾಡಿಗೆಗೆ ಮದ್ದು ಬಿಡುವ ತಂಡಗಳು ಈಗ ಊರಿನ ದೊಡ್ಡ ಆಧಾರ. ಅವರಿಲ್ಲದಿದ್ದರೆ ವಯಸ್ಸಾದ ಗಂಡ-ಹೆಂಡತಿ ಇಬ್ಬರೇ ಇರುವ ಎಷ್ಟೋ ಮನೆಗಳ ತೋಟಕ್ಕೆ ಮದ್ದೇ ಇಲ್ಲ. ಆದರೆ ಕೂಲಿಯ ಲೆಕ್ಕ ನೋಝಲನ್ನು ಆರಿಸುತ್ತದೆ ಎಂಬುದನ್ನು ಮರೆಯಬಾರದು. ಡ್ರಮ್ಮಿಗೆ ಇಷ್ಟು ಎಂದು ಮಾತಾದರೆ ಡ್ರಮ್ಮು ಬೇಗ ಖಾಲಿಯಾಗುವ ದೊಡ್ಡ ಬಾಯಿಯ ನೋಝಲಿನಲ್ಲಿ ಲಾಭ. ಮರಕ್ಕೆ ಇಷ್ಟು ಎಂದರೆ ಮರದಿಂದ ಮರಕ್ಕೆ ಓಡುವುದರಲ್ಲಿ ಲಾಭ. ದಿನಕ್ಕೆ ಇಷ್ಟು ಎಂದರೆ ನಿಧಾನದಲ್ಲಿ ಲಾಭ. ಯಾರನ್ನೂ ದೂರುವ ಮಾತಲ್ಲ, ಲೆಕ್ಕವೇ ಹಾಗೆ.

ಇದಕ್ಕೆ ದಾರಿ ಇಲ್ಲದಿಲ್ಲ. ನೋಝಲ್ ತೋಟದ ಯಜಮಾನನದ್ದೇ ಆಗಿರಲಿ. ತಂಡ ಬಂದಾಗ "ಇದನ್ನು ಸಿಕ್ಕಿಸಿ" ಎಂದು ಕೈಗೆ ಕೊಡಿ. ಮೊದಲ ಹತ್ತು ಮರಕ್ಕೆ ಜತೆಗೆ ನಿಂತು ಎಷ್ಟು ಮದ್ದು ಹೋಯಿತೆಂದು ನೋಡಿ. ಮಧ್ಯಾಹ್ನ ಮೇಲೆ ಒಂದೆರಡು ಗೊನೆಗೆ ದುರ್ಬೀನು ಹಿಡಿದು, ಇಲ್ಲವೇ ಮೊಬೈಲಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ ನೋಡಿದರೆ ನೀಲಿ ಎಲ್ಲಿ ಕೂತಿದೆ ಎಂದು ತಿಳಿಯುತ್ತದೆ.

ಎಲೆಚುಕ್ಕಿಗೆ ಬೇರೆ ಮೂತಿ

ಅರಂತೋಡು, ತೊಡಿಕಾನ, ಸಂಪಾಜೆ ಕಡೆಯವರ ಕಷ್ಟ ಕೊಳೆರೋಗಕ್ಕೆ ಮುಗಿಯುವುದಿಲ್ಲ. ಹಳದಿ ಎಲೆ ರೋಗ ಈ ಊರುಗಳ ತೋಟಗಳನ್ನು ದಶಕಗಳಿಂದ ತಿನ್ನುತ್ತಿದೆ. ನೂರು ಮರ ಇದ್ದಲ್ಲಿ ಫಸಲು ಕೊಡುವ ಮರ ಎಷ್ಟೆಂದು ಎಣಿಸುವ ಸ್ಥಿತಿ. ಅದಕ್ಕೆ ಮದ್ದು ಇಲ್ಲ, ನೋಝಲೂ ಇಲ್ಲ. ಇತ್ತೀಚೆಗೆ ಎಲೆಚುಕ್ಕಿಯೂ ಸೇರಿಕೊಂಡಿದೆ. ಉಳಿದ ಮರದ ಉಳಿದ ಗೊನೆಯನ್ನಾದರೂ ಉಳಿಸಿಕೊಳ್ಳದಿದ್ದರೆ ಇಲ್ಲಿಯ ಸಣ್ಣ ಕೃಷಿಕ ನಿಲ್ಲುವುದೆಲ್ಲಿ? ಮದ್ದಿನ ಒಂದೊಂದು ಲೀಟರಿಗೂ ಇಲ್ಲಿ ಬೆಲೆ ಇರುವುದು ಅದಕ್ಕೇ.

ಎಲೆಚುಕ್ಕಿಯ ಮದ್ದು ಹೋಗಬೇಕಾದ್ದು ಗೊನೆಗಲ್ಲ, ಸೋಗೆಗೆ. ಅದರಲ್ಲೂ ಸೋಗೆಯ ಅಡಿಭಾಗಕ್ಕೂ. ಗೊನೆಗೆ ಕೆಳಮುಖ ಮಾಡಿದ ಕೊರಳನ್ನು ಇಲ್ಲಿ ಮೇಲ್ಮುಖ ಮಾಡಬೇಕು, ಶಂಕು ಅಗಲವಾಗಬೇಕು. ಪ್ರೊಪಿಕೊನಜೋಲಿನಂಥ ಮದ್ದು ಕಲ್ಲಿಲ್ಲದೆ ಕರಗುವುದರಿಂದ ಸಣ್ಣ ಬಾಯಿಯ ಬಿಲ್ಲೆಯೂ ಆಗುತ್ತದೆ. ಎಂದರೆ ಪೆಟ್ಟಿಗೆಯಲ್ಲಿ ಎರಡು ಬಿಲ್ಲೆ ಇರಲಿ: ಸುಣ್ಣದ ಮದ್ದಿಗೊಂದು, ಎಲೆಯ ಮದ್ದಿಗೊಂದು. ಬೋರ್ಡೊ ಬಿಟ್ಟ ಡ್ರಮ್ಮು, ಪೈಪು, ನೋಝಲ್ ಎಲ್ಲವನ್ನೂ ತೊಳೆದೇ ಇನ್ನೊಂದು ಮದ್ದು ಹಾಕಬೇಕು.

ತೊಳೆಯುವುದೆಂದರೆ ತೋಡಿನಲ್ಲಿ ಅಲ್ಲ! ತಾಮ್ರ ಮೀನಿಗೆ ವಿಷ. ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನದ ದೇವರ ಮೀನುಗಳಿಗೆ ಆಹಾರ ಹಾಕಿ ಕೈಮುಗಿಯುವ ಊರಿನವರೇ ಮನೆಯ ಹಿಂದಿನ ತೋಡಿಗೆ ತುತ್ತಿನ ನೀರು ಬಿಟ್ಟರೆ ಹೇಗೆ? ತೊಳೆದ ನೀರನ್ನು ತೋಟದ ಬುಡಗಳಿಗೇ ಚೆಲ್ಲಬಹುದು.

ತಂತಿ ಕಂಡರೆ ದೂರ

ಎಲ್ಲಕ್ಕಿಂತ ದೊಡ್ಡ ಮಾತು ಕೊನೆಗೆ. ಅಲ್ಯೂಮಿನಿಯಂ ದೋಟಿಗೆ ಕರೆಂಟು ಹೊಡೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ತಂತಿಗೆ ದೋಟಿ ತಾಗಿ ಜೀವ ಹೋದ ಸುದ್ದಿ ಈ ಜಿಲ್ಲೆಯ ಪತ್ರಿಕೆಗಳಿಗೆ ಹೊಸತಲ್ಲ. ಆದರೆ "ಫೈಬರ್ ಅಲ್ವಾ, ಏನೂ ಆಗುದಿಲ್ಲ" ಎಂಬ ಧೈರ್ಯ ಕೆಲವರಲ್ಲಿ ಉಂಟು. ಅದು ಪ್ರಾಣ ತೆಗೆಯುವ ಧೈರ್ಯ. ಗಾಜಿನ ನಾರಿನ ಫೈಬರ್ ಬೇರೆ, ಕಾರ್ಬನ್ ಫೈಬರ್ ಬೇರೆ. ಕಾರ್ಬನ್ ವಿದ್ಯುತ್ತನ್ನು ಹರಿಯಬಿಡುತ್ತದೆ. ಗಾಜಿನ ನಾರಿನದ್ದೂ ಒದ್ದೆಯಾದರೆ ನಂಬುವಂತಿಲ್ಲ. ತುದಿಯಲ್ಲಿ ಹಿತ್ತಾಳೆ ನೋಝಲ್, ಒಳಗೆ ಉಪ್ಪಿನಂಶದ ಮದ್ದು, ಕೆಳಗೆ ಒದ್ದೆ ಕೈ, ಒದ್ದೆ ನೆಲ. ಇನ್ನೇನು ಬೇಕು?

ದೋಟಿ ಎಷ್ಟುದ್ದವೋ ಅಷ್ಟು ದೂರದೊಳಗೆ ಲೈನು ಇದ್ದರೆ ಅಲ್ಲಿ ದೋಟಿ ಎತ್ತಲೇಬಾರದು. ಎತ್ತಲೇಬೇಕಾದರೆ ಮೆಸ್ಕಾಂನವರಿಗೆ ತಿಳಿಸಿ, ಲೈನು ಆಫ್ ಆದದ್ದು ಖಾತ್ರಿಯಾದ ಮೇಲೆ. ತೋಟದೊಳಗೆ ಮರದಿಂದ ಮರಕ್ಕೆ ಹೋಗುವಾಗ ದೋಟಿಯನ್ನು ಇಳಿಸಿಯೇ ಹೋಗಬೇಕು. ಮೇಲೆ ನೋಡುತ್ತಾ ನಡೆಯುವವನ ಕಣ್ಣು ಗೊನೆಯ ಮೇಲಿರುತ್ತದೆ, ತಂತಿಯ ಮೇಲಲ್ಲ. ಅದಕ್ಕೆಂದೇ ಒಬ್ಬ ನೋಡಿಕೊಳ್ಳುವವ ಬೇಕು. ಆ ಒಬ್ಬನ ಕೂಲಿ ಉಳಿಸಿದವರು ಯಾರೂ ಶ್ರೀಮಂತರಾಗಿಲ್ಲ.

ಅಂಗಡಿಗೆ ಹೋಗುವ ಮೊದಲು

ಪಂಪು ಯಾವುದು, ಪೈಪು ಎಷ್ಟುದ್ದ, ಮರ ಎಷ್ಟೆತ್ತರ ಎಂಬ ಮೂರು ಲೆಕ್ಕ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹಾಲೋ ಕೋನ್ ಕೇಳಿ, ಬಿಲ್ಲೆ ಪಿಂಗಾಣಿಯದ್ದೋ ಸ್ಟೀಲಿನದ್ದೋ ಕೇಳಿ, ಬಿಲ್ಲೆ ಮಾತ್ರ ಬೇರೆ ಸಿಗುತ್ತದೋ ಕೇಳಿ. ಕೊರಳು ಬಾಗುವುದನ್ನು ಬಾಗಿಸಿ ನೋಡಿ. ಸಾಧ್ಯವಾದರೆ ಅಂಗಡಿಯ ಅಂಗಳದಲ್ಲೇ ನೀರು ಹಾಯಿಸಿ, ಒಣ ಸಿಮೆಂಟು ನೆಲದ ಮೇಲೆ ಬಿದ್ದ ಗುರುತು ನೋಡಿ. ಬಳೆ ಎಲ್ಲ ಕಡೆ ಒಂದೇ ದಪ್ಪ ಇದ್ದರೆ ತಕೊಳ್ಳಿ. ಒಂದು ಕಡೆ ಧಾರೆ, ಒಂದು ಕಡೆ ಖಾಲಿ ಇದ್ದರೆ ಅಲ್ಲೇ ಬಿಟ್ಟು ಬನ್ನಿ.

ದೋಟಿಗೆ ಸಹಾಯಧನ ಕೊಟ್ಟ ತೋಟಗಾರಿಕೆ ಇಲಾಖೆಯಾಗಲಿ, ಸಾಲ ಕೊಟ್ಟ ಸಹಕಾರಿ ಸಂಘಗಳಾಗಲಿ ಮೇ ತಿಂಗಳಲ್ಲಿ ಒಂದು ದಿನ ಇಟ್ಟು ನೋಝಲ್ ಅಳೆದು ಕೊಡುವ ಏರ್ಪಾಟು ಮಾಡಿದರೆ ಖರ್ಚು ಹೆಚ್ಚೇನೂ ಆಗದು. ಒಂದು ಬಕೆಟ್, ಒಂದು ಗಡಿಯಾರ, ಒಂದು ಪಂಪು ಸಾಕು. ಸಂಘದ ಗೋದಾಮಿನಲ್ಲಿ ತುತ್ತಿನ ಚೀಲದ ಜತೆ ನಾಲ್ಕು ಡಜನ್ ಬಿಲ್ಲೆ ಇಟ್ಟರೆ ಸದಸ್ಯರು ಮಳೆಯಲ್ಲಿ ಸುಳ್ಯಕ್ಕೆ ಬಸ್ಸು ಹತ್ತುವುದೂ ತಪ್ಪುತ್ತದೆ. ಮೊದಲ ಮದ್ದು ಮಳೆ ಹಿಡಿಯುವ ಮುಂಚೆ, ಎರಡನೆಯದು 40-45 ದಿನದೊಳಗೆ. ನಡುವೆ ಸಿಗುವ ಬಿಸಿಲಿನ ದಿನಗಳು ಬೆರಳೆಣಿಕೆ. ಆ ದಿನ ನೋಝಲ್ ಕಟ್ಟಿ ಕೂತರೆ ಮಳೆ ಕಾಯುವುದಿಲ್ಲ, ಕೊಳೆಯೂ ಕಾಯುವುದಿಲ್ಲ.